ರೊಟ್ಟಿ ಆರ್ಡರಿನ ವಹಿಯಿಂದ ವೆಬ್ ಆ್ಯಪ್‌ವರೆಗೆ: ಹೋನೋ, ಟೈಪ್‌ಸ್ಕ್ರಿಪ್ಟ್ ಹಿಡಿದು ಮೊದಲಿನಿಂದ ಕೊನೆಯವರೆಗೆ

ಧಾರವಾಡದ ನಮ್ಮ ಓಣಿಯಲ್ಲಿ ಎಂಟು ಹೆಣ್ಣುಮಕ್ಕಳ ಒಂದು ಸ್ವಸಹಾಯ ಸಂಘ ಇದೆ. ನಸುಕಿನ ನಾಲ್ಕೂವರೆಗೆ ಒಲೆ ಹಚ್ಚುತ್ತಾರೆ. ಏಳರೊಳಗೆ ಬಿಸಿ ರೊಟ್ಟಿ ಸಪ್ತಾಪುರದ ರೂಮುಗಳಿಗೆ ಮುಟ್ಟಬೇಕು; ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಹುಬ್ಬಳ್ಳಿಯ ಗೋಕುಲ ರೋಡ್, ವಿದ್ಯಾನಗರ, ಕೇಶ್ವಾಪುರದ ಮನೆಗಳಿಗೆ ಹೋಗಬೇಕು. ಆರ್ಡರು ಫೋನಿನಲ್ಲಿ ಬರುತ್ತದೆ, ವಾಟ್ಸಾಪಿನಲ್ಲಿ ಬರುತ್ತದೆ, ಬಾಗಿಲಿಗೆ ಬಂದು ಹೇಳಿ ಹೋಗುವವರೂ ಇದ್ದಾರೆ. ಎಲ್ಲ ಕೊನೆಗೆ ಸೇರುವುದು ಒಂದು ಉದ್ದನೆಯ ವಹಿಗೆ. ಸಂಕ್ರಾಂತಿ, ಎಳ್ಳ ಅಮವಾಸ್ಯೆ ಹತ್ತಿರ ಬಂದರೆ ಆ ವಹಿಯಲ್ಲಿ ಸಾಲಿನ ಮೇಲೆ ಸಾಲು ಬಿದ್ದು, ಯಾರ ಇಪ್ಪತ್ತೈದು ಯಾರ ಐವತ್ತು ಎಂದು ಗೊತ್ತಾಗದಂತಾಗುತ್ತದೆ. ಆ ವಹಿಯ ಕೆಲಸವನ್ನು ಒಂದು ಸಣ್ಣ ವೆಬ್ ಆ್ಯಪ್‌ಗೆ ಇಳಿಸಿದ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನೀವು ಕಟ್ಟುವುದು ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯ ಲೆಕ್ಕ ಇರಬಹುದು, ಬೆಟಗೇರಿಯ ನೇಕಾರರ ಸೀರೆ ಆರ್ಡರು ಇರಬಹುದು, ದಾರಿ ಇದೇ.

ನಾನು ಆರಿಸಿಕೊಂಡ ಫ್ರೇಮ್‌ವರ್ಕ್, ಅಂದರೆ ವೆಬ್ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು, ಹೋನೋ. ಜಪಾನಿ ಭಾಷೆಯಲ್ಲಿ ಹಾಗೆಂದರೆ ಬೆಂಕಿಯ ಜ್ವಾಲೆ. ಯುಸುಕೆ ವಾಡಾ ಅದನ್ನು 2021ರ ಡಿಸೆಂಬರಿನಲ್ಲಿ, ನಮ್ಮ ಕೋಡನ್ನು ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರುಗಳಲ್ಲಿ ಓಡಿಸುವ ಕ್ಲೌಡ್‌ಫ್ಲೇರ್ ವರ್ಕರ್ಸ್ ಸೇವೆಗಾಗಿ ಬರೆಯಲು ಶುರು ಮಾಡಿದರು. ಈಗ ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಡೀನೋ, ಬನ್ ಎಲ್ಲದರ ಮೇಲೂ ಅದು ಓಡುತ್ತದೆ. ಬೇರೆ ಯಾವ ಪ್ಯಾಕೇಜಿನ ಮೇಲೂ ಅದು ನಿಂತಿಲ್ಲ. ಬ್ರೌಸರಿನಲ್ಲಿ ನಮಗೆ ಗೊತ್ತಿರುವ ರಿಕ್ವೆಸ್ಟ್, ರೆಸ್ಪಾನ್ಸ್‌ಗಳನ್ನೇ ಸರ್ವರಿನಲ್ಲೂ ಬಳಸುತ್ತದೆ. ನನಗೆ ಇದು ಹಿಡಿಸಲು ಕಾರಣ ವೇಗವಲ್ಲ. ಒಬ್ಬನೇ ಕೂತು ಕಟ್ಟಿ, ಒಬ್ಬನೇ ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ಆ್ಯಪ್‌ನಲ್ಲಿ ಎಲ್ಲಿ ಏನು ನಡೆಯುತ್ತದೆ ಎಂಬುದು ಪೂರ್ತಿ ತಲೆಯಲ್ಲಿ ಹಿಡಿಯಬೇಕು. ಹೋನೋದಲ್ಲಿ ಅದು ಹಿಡಿಯುತ್ತದೆ.

ಆಜ್ಞೆಗಳನ್ನೂ ಕೋಡಿನ ಹೆಸರುಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಜಾವಾಸ್ಕ್ರಿಪ್ಟಿನ ಮೂಲಪಾಠ ಮತ್ತು ಎಸ್‌ಕ್ಯುಎಲ್‌ನ ಸೆಲೆಕ್ಟ್, ಇನ್ಸರ್ಟ್ ಗೊತ್ತಿದ್ದರೆ ಸಾಕು. ಟೈಪ್‌ಸ್ಕ್ರಿಪ್ಟ್ ಅಂದರೆ ಯಾವ ಹೆಸರಿನಲ್ಲಿ ಯಾವ ಬಗೆಯ ಡೇಟಾ (ಟೈಪ್) ಇದೆ ಎಂದು ಬರೆದಿಡುವ ಜಾವಾಸ್ಕ್ರಿಪ್ಟ್.

ಮೊದಲು ವಹಿ ಓದಿ

ಎಡಿಟರ್ ತೆರೆಯುವ ಮೊದಲು ಒಂದು ಸಂಜೆ ವಹಿಯ ಮುಂದೆ ಕೂಡ್ರಿ. ನಾನು ಕೂತಾಗ ಒಂದು ಪುಟದಲ್ಲಿ ಹೀಗಿತ್ತು: ಎಡಕ್ಕೆ ಹೆಸರು, ಅದರ ಮುಂದೆ “ಕ 50, ಸ 20”, ಮೂಲೆಯಲ್ಲಿ ಓಣಿಯ ಹೆಸರು, ಬಲಕ್ಕೆ ಒಂದು ಮೊತ್ತ, ಕೆಲವು ಮೊತ್ತದ ಸುತ್ತ ಕೆಂಪು ಗೆರೆ. ಕೆಂಪು ಗೆರೆ ಅಂದರೆ ಉದ್ರಿ. ಹೆಸರಿನ ಮೇಲೆ ಗೀಟು ಎಳೆದಿದ್ದರೆ ಕೊಟ್ಟಾಗಿದೆ ಎಂದುಕೊಂಡಿದ್ದೆ. ಕೆಲವು ಹೆಸರಿಗೆ ಎರಡು ಗೀಟು ಇದ್ದವು. ಕೇಳಿದರೆ ಸಂಘದ ಹಿರಿಯಕ್ಕ ಹೇಳಿದರು: “ಒಂದು ಗೀಟು ಕಟ್ಟಿ ಇಟ್ಟದ್ದಕ್ಕರೀ, ಎರಡನೇದು ಮನಿ ಮುಟ್ಟಿದ್ದಕ್ಕ.” ಅಂದರೆ ಆರ್ಡರಿಗೆ ಎರಡಲ್ಲ, ಮೂರು ಸ್ಥಿತಿ: ಬಂದಿದೆ, ಕಟ್ಟಿದೆ, ಮುಟ್ಟಿದೆ. ಇದನ್ನು ನಾನು ಮನೆಯಲ್ಲಿ ಕೂತು ಊಹಿಸಲು ಆಗುತ್ತಿರಲಿಲ್ಲ.

ಈ ಪುಟವೇ ಡೇಟಾಬೇಸಿನ ನಕ್ಷೆ. ಮೂರು ಟೇಬಲ್ ಸಾಕು. ಮೊದಲನೆಯದು ಪದಾರ್ಥ: ಗುರುತಿನ ಸಂಖ್ಯೆ, ಹೆಸರು, ಇಂದಿನ ದರ, ಈಗ ಮಾರುತ್ತೇವೋ ಇಲ್ಲವೋ. ಎರಡನೆಯದು ಆರ್ಡರು: ಗುರುತು, ಗಿರಾಕಿಯ ಹೆಸರು, ಮೊಬೈಲ್, ಓಣಿ, ಕೊಡಬೇಕಾದ ದಿನ, ಸ್ಥಿತಿ, ಬರೆದ ಹೊತ್ತು. ಮೂರನೆಯದು ಆರ್ಡರಿನ ಸಾಲುಗಳು: ಯಾವ ಆರ್ಡರು, ಯಾವ ಪದಾರ್ಥ, ಎಷ್ಟು, ಯಾವ ದರಕ್ಕೆ.

ಮೂರನೆಯ ಟೇಬಲ್‌ನಲ್ಲಿ ದರವನ್ನು ಮತ್ತೆ ಬರೆಯುವುದು ಪುನರಾವರ್ತನೆಯಂತೆ ಕಾಣುತ್ತದೆ. ಬಿಡಬೇಡಿ. ಜೋಳದ ರೇಟು ಏರಿ ರೊಟ್ಟಿಯ ದರ 8 ರೂಪಾಯಿಯಿಂದ 9ಕ್ಕೆ ಹೋಯಿತೆಂದುಕೊಳ್ಳಿ. ಸಾಲಿನಲ್ಲಿ ದರ ಇಲ್ಲದೆ ಪದಾರ್ಥದ ಟೇಬಲ್‌ನಿಂದ ಎತ್ತಿ ಲೆಕ್ಕ ಹಾಕಿದರೆ, ಹೋದ ತಿಂಗಳ ಬಿಲ್ಲುಗಳೆಲ್ಲ ಅದೇ ಕ್ಷಣ 9ರ ಲೆಕ್ಕಕ್ಕೆ ತಿರುಗುತ್ತವೆ. ವಹಿಯಲ್ಲಿ ಬರೆದ ಮೊತ್ತ ಹಾಗೆ ತಾನಾಗಿ ಬದಲಾಗುವುದಿಲ್ಲ, ಡೇಟಾಬೇಸಿನಲ್ಲೂ ಬದಲಾಗಬಾರದು. ಇನ್ನೊಂದು: ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. 8 ರೂಪಾಯಿ ಅಂದರೆ 800. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಉದ್ರಿ ಲೆಕ್ಕ ಹಾಕುವವರಿಗೆ ಆ ಸಣ್ಣ ಬಾಲ ಬೇಡ.

ಪ್ರಾಜೆಕ್ಟ್ ಎಬ್ಬಿಸುವುದು

ನೋಡ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಹಾಕಿಕೊಂಡು ಟರ್ಮಿನಲ್‌ನಲ್ಲಿ “ಎನ್‌ಪಿಎಂ ಕ್ರಿಯೇಟ್ ಹೋನೋ” ಎಂದು ಕೊಡಿ. ಟೆಂಪ್ಲೇಟ್ ಕೇಳಿದಾಗ ಕ್ಲೌಡ್‌ಫ್ಲೇರ್ ವರ್ಕರ್ಸ್ ಆರಿಸಿ. ಸ್ವಂತ ಸರ್ವರ್ ಇದ್ದವರು ನೋಡ್ ಟೆಂಪ್ಲೇಟ್ ತೆಗೆದುಕೊಳ್ಳಬಹುದು, ಮುಂದಿನ ಕೋಡಿನಲ್ಲಿ ಡೇಟಾಬೇಸಿನ ಭಾಗ ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ. ವರ್ಕರ್ಸ್ ಆರಿಸಲು ನನ್ನ ಕಾರಣ ಸರಳ: ಉಚಿತ ಯೋಜನೆಯಲ್ಲಿ ದಿನಕ್ಕೆ 1 ಲಕ್ಷ ರಿಕ್ವೆಸ್ಟ್ ಸಿಗುತ್ತವೆ, ಸಂಘಕ್ಕೆ ತಿಂಗಳ ಬಾಡಿಗೆಯ ಹೊರೆ ಇಲ್ಲ, ಸರ್ವರಿಗೆ ಅಪ್‌ಡೇಟ್ ಹಾಕುವ ಕೆಲಸವೂ ನನ್ನ ತಲೆಗಿಲ್ಲ.

ಫೋಲ್ಡರಿನೊಳಗೆ ಹೋಗಿ “ಎನ್‌ಪಿಎಂ ರನ್ ಡೆವ್” ಎಂದರೆ ಲೋಕಲ್‌ಹೋಸ್ಟಿನ 8787ನೇ ಪೋರ್ಟಿನಲ್ಲಿ ಒಂದು ಪುಟ ಏಳುತ್ತದೆ. ನಮ್ಮ ಪುಟಗಳನ್ನು, ಕೋಡಿನೊಳಗೇ ಎಚ್‌ಟಿಎಂಎಲ್‌ನಂತೆ ಬರೆಯುವ ಜೆಎಸ್ಎಕ್ಸ್‌ನಲ್ಲಿ ಬರೆಯುವುದರಿಂದ ಸೋರ್ಸ್ ಫೋಲ್ಡರಿನ ಇಂಡೆಕ್ಸ್ ಫೈಲಿನ ಬಾಲ ಟಿಎಸ್ ಇದ್ದದ್ದನ್ನು ಟಿಎಸ್ಎಕ್ಸ್ ಮಾಡಿ. ರ‍್ಯಾಂಗ್ಲರ್ (ಕ್ಲೌಡ್‌ಫ್ಲೇರ್‌ನ ಆಜ್ಞೆಗಳನ್ನು ಓಡಿಸುವ ಸಾಧನ) ಕಾನ್ಫಿಗ್ ಫೈಲಿನಲ್ಲಿ “ಮೇನ್” ಎಂಬ ಸಾಲಿದೆ, ಅಲ್ಲಿಯೂ ಹೆಸರು ಬದಲಿಸಿ. ಹೊಸಬರು ಇಲ್ಲೇ ಮೊದಲು ಎಡವುತ್ತಾರೆ: ಫೈಲಿನ ಹೆಸರು ಬದಲಾಯಿಸಿ, ಕಾನ್ಫಿಗ್ ಮರೆತು, ಆ್ಯಪ್ ಏಳಲಿಲ್ಲ ಎಂದು ಕೂಡ್ರುತ್ತಾರೆ.

ಈಗ ಡೇಟಾಬೇಸ್. ಕ್ಲೌಡ್‌ಫ್ಲೇರ್‌ನ ಡಿ1 ಅಂದರೆ ಒಳಗೆ ಎಸ್‌ಕ್ಯುಲೈಟ್. “ಎನ್‌ಪಿಎಕ್ಸ್ ರ‍್ಯಾಂಗ್ಲರ್ ಡಿ1 ಕ್ರಿಯೇಟ್ ರೊಟ್ಟಿ” ಎಂದು ಕೊಟ್ಟು, ಜೊತೆಗೆ ಲೊಕೇಶನ್ ಎಂಬಲ್ಲಿ ಏಷ್ಯಾ-ಪೆಸಿಫಿಕ್ ಅನ್ನು ಸೂಚಿಸಿ. ಅದು ಕೊಡುವ ಗುರುತನ್ನು ಕಾನ್ಫಿಗ್‌ನಲ್ಲಿ ಡಿಬಿ ಎಂಬ ಬೈಂಡಿಂಗ್ ಹೆಸರಿನಡಿ ಇಡಿ; ಬೈಂಡಿಂಗ್ ಅಂದರೆ ನಮ್ಮ ಕೋಡು ಆ ಡೇಟಾಬೇಸನ್ನು ಕರೆಯುವ ಹೆಸರು. ಟೇಬಲ್‌ಗಳನ್ನು ನೇರವಾಗಿ ಕೈಯಿಂದ ಮಾಡಬೇಡಿ. “ಡಿ1 ಮೈಗ್ರೇಶನ್ಸ್ ಕ್ರಿಯೇಟ್” ಎಂದು ಫೈಲ್ ಮಾಡಿ ಅದರಲ್ಲಿ ಕ್ರಿಯೇಟ್ ಟೇಬಲ್ ಬರೆಯಿರಿ, ನಂತರ “ಮೈಗ್ರೇಶನ್ಸ್ ಅಪ್ಲೈ” ಜೊತೆ ಲೋಕಲ್ ಎಂಬ ಆಯ್ಕೆ ಕೊಡಿ. ಆರು ತಿಂಗಳಾದ ಮೇಲೆ ಯಾವ ಕಾಲಂ ಯಾವಾಗ ಸೇರಿತು ಎಂದು ತಿಳಿಯಲು ಈ ಫೈಲುಗಳೇ ದಾಖಲೆ.

ಟೇಬಲ್ ಬರೆಯುವಾಗ ಚೆಕ್ ಹಾಕಿ. ಸಾಲಿನಲ್ಲಿ ಎಷ್ಟು ಎಂಬುದು ಸೊನ್ನೆಗಿಂತ ಹೆಚ್ಚಿರಬೇಕು, ಸ್ಥಿತಿ ಆ ಮೂರರಲ್ಲೊಂದೇ ಆಗಿರಬೇಕು ಎಂದು ಡೇಟಾಬೇಸೇ ಕಾಯಲಿ. ಸಾಲುಗಳ ಟೇಬಲ್‌ಗೆ ಆರ್ಡರಿನ ಗುರುತು ಮತ್ತು ಪದಾರ್ಥದ ಗುರುತು ಎರಡೂ ಸೇರಿ ಪ್ರೈಮರಿ ಕೀ, ಅಂದರೆ ಎರಡು ಸಲ ಬರಲಾಗದ ಗುರುತು. ಆರ್ಡರಿನ ಗುರುತು ಮಾತ್ರ ತಾನಾಗಿ ಏರುವ ಸಂಖ್ಯೆ ಬೇಡ, ಪಠ್ಯವಾಗಿರಲಿ. ಕಾರಣ ಮುಂದೆ ಬರುತ್ತದೆ.

ಕೊನೆಗೆ ಟೈಪ್. ಟೆಂಪ್ಲೇಟಿನಲ್ಲಿ “ಸಿಎಫ್-ಟೈಪ್‌ಜೆನ್” ಎಂಬ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಓಡಿಸಿದರೆ ನಿಮ್ಮ ಕಾನ್ಫಿಗ್ ನೋಡಿ ಬೈಂಡಿಂಗುಗಳ ಟೈಪ್ ತಯಾರಾಗುತ್ತದೆ. ಹೊಸ ಹೋನೋ ಆ್ಯಪ್ ಮಾಡುವಾಗ ಕೋನಾವರಣದಲ್ಲಿ ಅದನ್ನು ಬೈಂಡಿಂಗ್ಸ್ ಎಂದು ಕೊಡಿ. ಆಮೇಲೆ ಸಿ ಡಾಟ್ ಎನ್ವ್ ಡಾಟ್ ಡಿಬಿ (ಸಿ ಅಂದರೆ ಪ್ರತಿ ರಿಕ್ವೆಸ್ಟಿಗೂ ಹೋನೋ ನಮ್ಮ ಕೈಗೆ ಕೊಡುವ ಕಾಂಟೆಕ್ಸ್ಟ್) ಎಂದು ಬರೆದೊಡನೆ ಎಡಿಟರಿಗೆ ಅದು ಡೇಟಾಬೇಸ್ ಎಂದು ತಿಳಿಯುತ್ತದೆ. ಇದನ್ನು ಬಿಟ್ಟರೆ ಟೈಪ್‌ಸ್ಕ್ರಿಪ್ಟ್ ಹಿಡಿದೂ ಹಿಡಿಯದ ಹಾಗೆ.

ಗಿರಾಕಿಯ ಫಾರ್ಮ್

ಮೊದಲ ರೂಟ್ (ಯಾವ ವಿಳಾಸ ಕೇಳಿದರೆ ಯಾವ ಕೋಡು ಎಂಬ ಜೋಡಣೆ): ಆ್ಯಪ್ ಡಾಟ್ ಗೆಟ್, ದಾರಿ ಒಂದೇ ಓರೆ ಗೀಟು. ಒಳಗೆ ಪದಾರ್ಥಗಳನ್ನು ಡೇಟಾಬೇಸಿನಿಂದ ತಂದು, ಜೆಎಸ್ಎಕ್ಸ್‌ನಲ್ಲಿ ಫಾರ್ಮ್ ಬರೆದು, ಸಿ ಡಾಟ್ ರೆಂಡರ್‌ನಿಂದ ಕಳಿಸುವುದು. ಹೋನೋದ ಜೆಎಸ್ಎಕ್ಸ್ ಸರ್ವರಿನಲ್ಲೇ ಎಚ್‌ಟಿಎಂಎಲ್ ಆಗಿ ಹೋಗುತ್ತದೆ, ರಿಯಾಕ್ಟ್ ಬೇಕಿಲ್ಲ. ಎಲ್ಲ ಪುಟಕ್ಕೂ ಸಾಮಾನ್ಯವಾದ ಹೊರಕವಚವನ್ನು ಜೆಎಸ್ಎಕ್ಸ್ ರೆಂಡರರ್ ಮಿಡಲ್‌ವೇರಿನಲ್ಲಿ (ರೂಟ್‌ಗೆ ಮುಟ್ಟುವ ಮೊದಲು ದಾಟುವ ಕೋಡು) ಒಮ್ಮೆ ಬರೆಯಿರಿ: ಭಾಷೆ ಕೆಎನ್, ಅಕ್ಷರ ಸಂಕೇತ ಯುಟಿಎಫ್-8, ವ್ಯೂಪೋರ್ಟ್. ಕನ್ನಡಕ್ಕೆಂದು ದೊಡ್ಡ ವೆಬ್‌ಫಾಂಟ್ ಇಳಿಸಬೇಡಿ. ಇಂದಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಆದರೆ ಸಾಲಿನ ಎತ್ತರವನ್ನು 1.6ಕ್ಕಿಂತ ಕಡಿಮೆ ಇಡಬೇಡಿ. ಬಟನ್‌ಗಳಲ್ಲಿ “ರೊಟ್ಟಿ”ಯ ಟ ಒತ್ತು, “ಚಟ್ನಿ”ಯ ನ ಒತ್ತು ಕತ್ತರಿಸಿ ಹೋಗುವುದು ಇಂಗ್ಲಿಷಿಗಾಗಿ ಅಳೆದ ಎತ್ತರದಿಂದಲೇ.

ಫಾರ್ಮಿನಲ್ಲಿ ಹೆಸರು, ಮೊಬೈಲ್, ಓಣಿ, ದಿನ, ಪ್ರತಿ ಪದಾರ್ಥದ ಮುಂದೆ ಎಷ್ಟು ಎಂಬ ಪೆಟ್ಟಿಗೆ. ಓಣಿಯನ್ನು ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸುವಂತೆ ಇಡಿ. ಎಷ್ಟು ಎಂಬ ಪೆಟ್ಟಿಗೆಗೆ ನಂಬರ್ ಎಂಬ ಟೈಪ್ ಬದಲು ಟೆಕ್ಸ್ಟ್ ಇಟ್ಟು, ಇನ್‌ಪುಟ್‌ಮೋಡ್ ಮಾತ್ರ ನ್ಯೂಮೆರಿಕ್ ಮಾಡಿ.

ಯಾಕೆ? ಮೊದಲ ವಾರ ಒಬ್ಬ ಅಜ್ಜಿ ಫೋನ್ ಮಾಡಿ, “ನಾ ಐವತ್ತ ಹಾಕೇನಿ, ಅದು ತಗೊಳ್ಳವಲ್ದು” ಅಂದರು. ಮನೆಗೆ ಹೋಗಿ ನೋಡಿದೆ. ಅವರ ಕೀಬೋರ್ಡು ಕನ್ನಡದ್ದು, ಬೆರಳು ಒತ್ತಿದ್ದು ೫೦. ನಂಬರ್ ಪೆಟ್ಟಿಗೆ ಕನ್ನಡ ಅಂಕಿಯನ್ನು ಒಳಗೆ ಬಿಡುವುದೇ ಇಲ್ಲ. ಟೆಕ್ಸ್ಟ್ ಪೆಟ್ಟಿಗೆ ಬಿಟ್ಟರೂ ಜಾವಾಸ್ಕ್ರಿಪ್ಟಿನ ನಂಬರ್ ಎಂಬ ಫಂಕ್ಷನ್‌ಗೆ ೫೦ ಕೊಟ್ಟರೆ ಸಂಖ್ಯೆ ಅಲ್ಲ ಎಂದೇ ಉತ್ತರ. ಕನ್ನಡದಲ್ಲಿ ಆ್ಯಪ್ ಮಾಡಿ ಕನ್ನಡದ ಅಂಕಿ ಬೇಡ ಎನ್ನುವುದು ಸರಿಯಲ್ಲ. ಪರಿಹಾರ ನಾಲ್ಕು ಸಾಲಿನದು: ಯೂನಿಕೋಡಿನಲ್ಲಿ ಕನ್ನಡದ ೦ ಕೂತಿರುವುದು 3302ರಲ್ಲಿ, ೯ ಇರುವುದು 3311ರಲ್ಲಿ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ [೦-೯] ಎಂದು ಬರೆದು, ಸಿಕ್ಕ ಪ್ರತಿ ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಸಾಮಾನ್ಯ ಅಂಕಿ ಬರುತ್ತದೆ. ಈ ಫಂಕ್ಷನ್‌ಗೆ “ಅಂಕಿ” ಎಂದೇ ಹೆಸರಿಡಿ; ಟೈಪ್‌ಸ್ಕ್ರಿಪ್ಟ್ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ.

ಅಕ್ಷರಗಳಲ್ಲೂ ಇಂಥದೊಂದು ಇದೆ, ಕಣ್ಣಿಗೆ ಕಾಣದ್ದು. “ರೊಟ್ಟಿ”ಯ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಎರಡನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ. ಹೆಸರು ಹುಡುಕಿದಾಗ ಕಣ್ಣೆದುರಿಗಿದ್ದದ್ದು ಸಿಗದೇ ಹೋಗುವುದು ಹೀಗೆ. ಆದ್ದರಿಂದ ಹೊರಗಿನಿಂದ ಬಂದ ಪ್ರತಿ ಪಠ್ಯವನ್ನು ಉಳಿಸುವ ಮೊದಲು ನಾರ್ಮಲೈಸ್ ಎಂಬ ವಿಧಾನಕ್ಕೆ ಎನ್ಎಫ್‌ಸಿ ಎಂದು ಕೊಟ್ಟು ಒಂದೇ ರೂಪಕ್ಕೆ ತನ್ನಿ. ಹುಡುಕುವ ಪದವನ್ನೂ ಹಾಗೇ ಮಾಡಿ.

ಬಾಗಿಲಲ್ಲೇ ಪರೀಕ್ಷೆ

ಟೈಪ್‌ಸ್ಕ್ರಿಪ್ಟ್ ಬಳಸುವವರಲ್ಲಿ ಒಂದು ತಪ್ಪು ನಂಬಿಕೆ ಇದೆ: ಟೈಪ್ ಬರೆದಿದ್ದೇನೆ, ಹಾಗಾಗಿ ತಪ್ಪು ಡೇಟಾ ಬರುವುದಿಲ್ಲ ಎಂದು. ಟೈಪ್‌ಗಳು ಇರುವುದು ನಾವು ಬರೆಯುವಾಗ ಮಾತ್ರ. ಕೋಡ್ ಓಡುವ ಹೊತ್ತಿಗೆ ಅವೆಲ್ಲ ಅಳಿಸಿಹೋಗಿರುತ್ತವೆ. ಫಾರ್ಮಿನಿಂದ ಬರುವುದು ಬರೀ ಪಠ್ಯ. ಹಾಗಾಗಿ ಬಾಗಿಲಲ್ಲೇ ಒಬ್ಬ ಕಾವಲುಗಾರ ಬೇಕು. ಝಾಡ್ ಎಂಬ ಲೈಬ್ರರಿ ಮತ್ತು ಹೋನೋದ ಝಾಡ್ ವ್ಯಾಲಿಡೇಟರ್ ಎರಡನ್ನೂ ಎನ್‌ಪಿಎಂನಿಂದ ಹಾಕಿಕೊಳ್ಳಿ.

ಸ್ಕೀಮಾ, ಅಂದರೆ ಪರೀಕ್ಷೆಯ ನಿಯಮಗಳ ಪಟ್ಟಿ, ಹೀಗೆ ಕಟ್ಟಿ. ಹೆಸರು: ಪಠ್ಯ, ಆಚೀಚೆಯ ಖಾಲಿ ಜಾಗ ತೆಗೆದದ್ದು, ಎನ್ಎಫ್‌ಸಿ ಮಾಡಿದ್ದು, ಕನಿಷ್ಠ 2 ಅಕ್ಷರ, ಗರಿಷ್ಠ 60. ಮೊಬೈಲ್: ಮೊದಲು “ಅಂಕಿ” ಫಂಕ್ಷನ್, ಆಮೇಲೆ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ 10 ಅಂಕಿಯೇ ಎಂಬ ಪರೀಕ್ಷೆ. ಎಷ್ಟು: “ಅಂಕಿ” ಫಂಕ್ಷನ್ ದಾಟಿಸಿ, ಪೈಪ್ ಮೂಲಕ ಸಂಖ್ಯೆಯಾಗಿ ಮಾಡಿ, ಪೂರ್ಣಾಂಕ, 0ರಿಂದ 500. ಖಾಲಿ ಬಿಟ್ಟ ಪೆಟ್ಟಿಗೆ ಇಲ್ಲಿ ತಾನಾಗಿ 0 ಆಗುತ್ತದೆ, ನಮಗೆ ಅದೇ ಬೇಕು; 0 ಇರುವ ಪದಾರ್ಥಕ್ಕೆ ಸಾಲು ಬರೆಯಬೇಡಿ. ಮೇಲ್ಮಿತಿಯನ್ನು ಮರೆಯಬೇಡಿ. 50 ಬರೆಯುವಲ್ಲಿ 5000 ಬಿದ್ದರೆ ನಸುಕಿನಲ್ಲಿ ಹಿಟ್ಟು ಕಲಸಿದವರ ಶ್ರಮ ಹಾಳು. 500 ದಾಟಿದ ಮದುವೆ ಆರ್ಡರು ಫೋನಿನಲ್ಲೇ ಬರಲಿ.

ಇದರಲ್ಲಿ ದರ ಇಲ್ಲ, ಗಮನಿಸಿ. ಫಾರ್ಮಿನಲ್ಲಿ ದರವನ್ನು ತೋರಿಸಿ, ಆದರೆ ಫಾರ್ಮಿನಿಂದ ದರವನ್ನು ತೆಗೆದುಕೊಳ್ಳಬೇಡಿ. ಆರ್ಡರು ಉಳಿಸುವ ಹೊತ್ತಿಗೆ ಪದಾರ್ಥದ ಟೇಬಲ್‌ನಿಂದಲೇ ಓದಿ.

ಪೋಸ್ಟ್ ರೂಟ್‌ನಲ್ಲಿ ವ್ಯಾಲಿಡೇಟರ್ ಮಧ್ಯೆ ನಿಲ್ಲುತ್ತದೆ. ಒಳಗೆ ಸಿ ಡಾಟ್ ರಿಕ್ ಡಾಟ್ ವ್ಯಾಲಿಡ್ ಎಂದು ಫಾರ್ಮ್ ಕೇಳಿದರೆ ಪರೀಕ್ಷೆ ಪಾಸಾದ, ಟೈಪ್ ಗೊತ್ತಿರುವ ಡೇಟಾ ಸಿಗುತ್ತದೆ. ಪರೀಕ್ಷೆ ಫೇಲಾದರೆ ಏನು ಮಾಡಬೇಕು ಎಂಬುದನ್ನು ವ್ಯಾಲಿಡೇಟರಿನ ಮೂರನೆಯ ಆರ್ಗ್ಯುಮೆಂಟಿನಲ್ಲಿ ಬರೆಯಬೇಕು. ಬರೆಯದಿದ್ದರೆ ಗಿರಾಕಿಗೆ ಇಂಗ್ಲಿಷಿನ ಜೇಸನ್ ಒಂದು ಕಾಣುತ್ತದೆ. ಅದೇ ಫಾರ್ಮನ್ನು, ಅವರು ತುಂಬಿದ್ದೆಲ್ಲ ಹಾಗೇ ಉಳಿಸಿ, ತಪ್ಪಿದ ಪೆಟ್ಟಿಗೆಯ ಕೆಳಗೆ “ಮೊಬೈಲ್ ನಂಬರಿನಲ್ಲಿ 10 ಅಂಕಿ ಇರಬೇಕು” ಎಂಬಂಥ ಒಂದು ಸಾಲಿನೊಂದಿಗೆ ತಿರುಗಿ ಕಳಿಸಿ, ಸ್ಥಿತಿ ಸಂಖ್ಯೆ 400.

ಈಗ ಆರ್ಡರಿನ ಗುರುತಿನ ಮಾತು. ಹಬ್ಬದ ಹಿಂದಿನ ಸಂಜೆ, ನೆಟ್‌ವರ್ಕ್ ನಿಧಾನ. ಗಿರಾಕಿ ಬಟನ್ ಒತ್ತುತ್ತಾರೆ, ಪುಟ ಅಲುಗುವುದಿಲ್ಲ, ಮತ್ತೆ ಒತ್ತುತ್ತಾರೆ. ನಮ್ಮಲ್ಲಿ ಹೀಗೇ 100 ಸಜ್ಜಿ ರೊಟ್ಟಿ 200 ಆಗಿ, ಸಂಘದವರು 200 ಬಡಿದೇಬಿಟ್ಟಿದ್ದರು. ಉಳಿದ ನೂರನ್ನು ಕಡಕ್ ಮಾಡಿ ಇಟ್ಟರು, ಯಾರೂ ನನಗೆ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಬಟನ್ ಅನ್ನು ಜಾವಾಸ್ಕ್ರಿಪ್ಟಿನಿಂದ ಮುಚ್ಚುವುದು ಅರ್ಧ ಮದ್ದು. ಪೂರ್ತಿ ಮದ್ದು ಸರ್ವರಿನಲ್ಲಿದೆ. ಸರ್ವರ್ ಖಾಲಿ ಫಾರ್ಮನ್ನು ಗಿರಾಕಿಗೆ ಕಳಿಸುವಾಗಲೇ ಕ್ರಿಪ್ಟೋ ಡಾಟ್ ರ‍್ಯಾಂಡಮ್ ಯುಯುಐಡಿ ಕರೆದು ಒಂದು ಗುರುತು ಮಾಡಿ, ಅದನ್ನು ಫಾರ್ಮಿನ ಅಡಗಿದ ಪೆಟ್ಟಿಗೆಯಲ್ಲಿ ಇಡಿ. ಅದೇ ಆರ್ಡರಿನ ಪ್ರೈಮರಿ ಕೀ. ಒಂದೇ ಫಾರ್ಮ್ ಹತ್ತು ಸಲ ಬಂದರೂ ಗುರುತು ಒಂದೇ, ಆರ್ಡರು ಒಂದೇ.

ಇನ್ಸರ್ಟ್ ಬರೆಯುವಾಗ ಕೊನೆಯಲ್ಲಿ “ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್” ಹಾಕಿ. “ಇನ್ಸರ್ಟ್ ಆರ್ ಇಗ್ನೋರ್” ಎಂದೂ ಬರೆಯಬಹುದು, ಆದರೆ ಅದು ಚೆಕ್ ತಪ್ಪಿದ ಸಾಲುಗಳನ್ನೂ ಸದ್ದಿಲ್ಲದೆ ನುಂಗಿಬಿಡುತ್ತದೆ. ನಮಗೆ ಬೇಕಾದದ್ದು ಗುರುತು ಪುನರಾವರ್ತನೆಯಾದಾಗ ಮಾತ್ರ ಸುಮ್ಮನಿರುವುದು. ಆರ್ಡರು ಒಂದು, ಸಾಲು ಎರಡು ಮೂರು. ಇವನ್ನೆಲ್ಲ ಬಿಡಿಬಿಡಿಯಾಗಿ ಕಳಿಸದೆ ಡಿಬಿಯ ಬ್ಯಾಚ್ ವಿಧಾನದಲ್ಲಿ ಒಟ್ಟಿಗೆ ಕೊಡಿ. ಒಂದು ಕೆಟ್ಟರೆ ಎಲ್ಲವೂ ಹಿಂದಕ್ಕೆ. ಅರ್ಧ ಬರೆದ ಆರ್ಡರು ಎಂಬುದು ಹುಟ್ಟುವುದೇ ಇಲ್ಲ. ಮೌಲ್ಯಗಳನ್ನು ಎಸ್‌ಕ್ಯುಎಲ್ ಪಠ್ಯದೊಳಗೆ ಜೋಡಿಸಬೇಡಿ, ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೈಂಡ್ ಮಾಡಿ. ಉಳಿಸಿದ ಮೇಲೆ ಪುಟ ತೋರಿಸಬೇಡಿ, 303 ಸಂಖ್ಯೆಯೊಂದಿಗೆ ರಸೀದಿಯ ದಾರಿಗೆ ರಿಡೈರೆಕ್ಟ್ ಮಾಡಿ. ಆಗ ಗಿರಾಕಿ ಪುಟ ರಿಫ್ರೆಶ್ ಮಾಡಿದರೂ ಫಾರ್ಮ್ ಮತ್ತೆ ಹೋಗುವುದಿಲ್ಲ.

ರಸೀದಿ ಪುಟದಲ್ಲಿ ಹೆಸರು ತೋರಿಸುವಾಗ ಜೆಎಸ್ಎಕ್ಸ್ ಬಿಟ್ಟು ಸಾದಾ ಪಠ್ಯ ಜೋಡಿಸಿ ಎಚ್‌ಟಿಎಂಎಲ್ ಮಾಡುವ ಆಸೆ ಬೇಡ. ಜೆಎಸ್ಎಕ್ಸ್ ಒಳಗಿನ ಅಪಾಯದ ಚಿಹ್ನೆಗಳನ್ನು ತಾನೇ ನಿರುಪದ್ರವಿ ಮಾಡುತ್ತದೆ, ಸಾದಾ ಪಠ್ಯ ಮಾಡುವುದಿಲ್ಲ.

ನಸುಕಿನ ಪಟ್ಟಿ

ಸಂಘದವರಿಗೆ ಬೇಕಾದದ್ದು ಒಂದೇ ಪುಟ. ಮೇಲೆ ದೊಡ್ಡ ಅಕ್ಷರದಲ್ಲಿ ಇವತ್ತಿನ ಒಟ್ಟು: ಬಿಸಿ ಇಷ್ಟು, ಕಡಕ್ ಇಷ್ಟು, ಸಜ್ಜಿ ಇಷ್ಟು. ಕೆಳಗೆ ಓಣಿವಾರು ಹೆಸರುಗಳು, ಪ್ರತಿ ಹೆಸರಿನ ಮುಂದೆ ಒಂದು ಬಟನ್. ಒಟ್ಟು ತೆಗೆಯಲು ಸಾಲುಗಳ ಟೇಬಲ್‌ನ್ನು ಪದಾರ್ಥದೊಂದಿಗೆ, ಆರ್ಡರಿನೊಂದಿಗೆ ಜೋಡಿಸಿ, ಕೊಡುವ ದಿನ ಇವತ್ತು ಎಂದಿರುವವನ್ನು ಪದಾರ್ಥವಾರು ಗುಂಪು ಮಾಡಿ ಸಮ್ ಮಾಡಿದರಾಯಿತು.

“ಇವತ್ತು” ಎಂಬ ಆ ಒಂದು ಪದದಲ್ಲಿ ನಾನು ಮೂರು ದಿನ ಸಿಕ್ಕಿಬಿದ್ದೆ. ಆ್ಯಪ್ ಬಳಸಿದ ಮೊದಲ ನಸುಕು, 4:40ಕ್ಕೆ ಫೋನು. “ಇವು ನಿನ್ನಿ ಹೆಸರು ಅದಾವಲ್ರೀ.” ಒಂಬತ್ತಕ್ಕೆ ಎದ್ದು ಕೂತು ನೋಡಿದರೆ ಎಲ್ಲ ಸರಿ. ಮರುದಿನ ಮತ್ತೆ ಅದೇ ಫೋನು, ಮತ್ತೆ ಒಂಬತ್ತಕ್ಕೆ ಎಲ್ಲ ಸರಿ. ಮೂರನೆಯ ದಿನ ನಾನೇ ನಾಲ್ಕಕ್ಕೆ ಎದ್ದು ಅವರ ಒಲೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ರೊಟ್ಟಿ ಬಡಿಯುವ ಸದ್ದಿನ ನಡುವೆ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಿದ್ದೆ. ಗಡಿಯಾರ 5:30 ತೋರಿಸಿದ ಕೂಡಲೇ ಪಟ್ಟಿ ಬದಲಾಯಿತು. ಆಗ ಹೊಳೆಯಿತು. ಸರ್ವರಿನ ಗಡಿಯಾರ ಯುಟಿಸಿಯದು, ಅಂದರೆ ಜಾಗತಿಕ ಪ್ರಮಾಣ ಸಮಯದ್ದು. ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ನಮ್ಮ ನಸುಕಿನ ಐದೂವರೆವರೆಗೆ ಅದಕ್ಕೆ ಇನ್ನೂ ನಿನ್ನೆಯೇ. ಹಗಲು ಕೆಲಸ ಮಾಡುವವರಿಗೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಹಾರಕ್ಕೆ ಒಂದೇ ಫಂಕ್ಷನ್, ಹೆಸರು “ಇವತ್ತು”: ಈಗಿನ ಹೊತ್ತಿಗೆ 330 ನಿಮಿಷ ಕೂಡಿಸಿ, ಐಎಸ್ಒ ಪಠ್ಯ ಮಾಡಿ, ಮೊದಲ 10 ಅಕ್ಷರ ತೆಗೆದುಕೊಳ್ಳಿ. 2025-01-14 ಎಂಬ ರೂಪ ಸಿಗುತ್ತದೆ. ಭಾರತದಲ್ಲಿ ಬೇಸಿಗೆ ಚಳಿಗಾಲಕ್ಕೆ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲದ್ದರಿಂದ ಇಷ್ಟು ಸಾಕು. ಆ್ಯಪ್‌ನಲ್ಲಿ ಎಲ್ಲೇ ಇವತ್ತು ಬೇಕಾದರೂ ಇದನ್ನೇ ಕರೆಯಿರಿ. ಎಸ್‌ಕ್ಯುಲೈಟ್‌ನ “ಡೇಟ್ ನೌ” ಬಳಸಬೇಡಿ, ಅದೂ ಯುಟಿಸಿಯನ್ನೇ ಕೊಡುತ್ತದೆ. ಕೊಡುವ ದಿನವನ್ನು ಈ ಹತ್ತು ಅಕ್ಷರದ ಪಠ್ಯವಾಗಿಯೇ ಇಡಿ, ಅದು ಕ್ಯಾಲೆಂಡರಿನ ದಿನ. ಆರ್ಡರು ಬರೆದ ಹೊತ್ತನ್ನು ಮಾತ್ರ ಯುಟಿಸಿಯಲ್ಲಿ ಇಡಿ, ಅದು ಒಂದು ಕ್ಷಣ.

ಬಟನ್ ಒತ್ತಿದರೆ ಸ್ಥಿತಿ ಒಂದು ಮೆಟ್ಟಿಲು ಮುಂದೆ ಹೋಗಬೇಕು: ಬಂದದ್ದು ಕಟ್ಟಿದ್ದಾಗಿ, ಕಟ್ಟಿದ್ದು ಮುಟ್ಟಿದ್ದಾಗಿ. “ಮುಂದಿನ ಸ್ಥಿತಿ” ಎಂದು ಕುರುಡಾಗಿ ಏರಿಸಬೇಡಿ. ಈಗ ಯಾವ ಸ್ಥಿತಿ ಕಂಡು ಒತ್ತಿದರು ಎಂಬುದನ್ನೂ ಫಾರ್ಮಿನಲ್ಲಿ ಕಳಿಸಿ, ಅಪ್‌ಡೇಟಿನ ವೇರ್ ಭಾಗದಲ್ಲಿ ಅದನ್ನೂ ಸೇರಿಸಿ. ಇಬ್ಬರು ಒಟ್ಟಿಗೆ ಒತ್ತಿದರೆ ಎರಡನೆಯವರದ್ದು ಯಾವ ಸಾಲನ್ನೂ ಮುಟ್ಟುವುದಿಲ್ಲ. ಬಟನ್ ಬೆರಳಿಗೆ ದೊಡ್ಡದಾಗಿರಲಿ. ಹಿಟ್ಟಿನ ಕೈಯಲ್ಲಿ ಒತ್ತುವಂಥದ್ದು ಅದು.

ಪುಟ ರಿಲೋಡ್ ಆಗದೆ ಗೀಟು ಬೀಳಬೇಕೆಂದರೆ ಹೋನೋದ ಎಚ್‌ಸಿ ಎಂಬ ಕ್ಲೈಂಟ್ ಇದೆ. ರೂಟ್‌ಗಳನ್ನು ಒಂದರ ಬೆನ್ನಿಗೆ ಒಂದು ಸರಪಳಿಯಾಗಿ ಬರೆದು, ಆ ಸರಪಳಿಯ ಟೈಪನ್ನು ಎಕ್ಸ್‌ಪೋರ್ಟ್ ಮಾಡಿದರೆ, ಬ್ರೌಸರಿನ ಕೋಡಿಗೆ ಸರ್ವರಿನ ಪ್ರತಿ ದಾರಿಯ ಟೈಪ್ ಗೊತ್ತಿರುತ್ತದೆ. ಸರಪಳಿ ತುಂಡಾದರೆ ಟೈಪ್ ಸಿಗುವುದಿಲ್ಲ. ನಾನು ಇದನ್ನು ಇಲ್ಲಿ ಬಳಸಲಿಲ್ಲ. ಸಾದಾ ಫಾರ್ಮೇ ಸಾಕಾಯಿತು.

ಬೀಗ

ನಸುಕಿನ ಪಟ್ಟಿಯಲ್ಲಿ ಜನರ ಹೆಸರು, ಮೊಬೈಲ್ ಇವೆ. ಬೀಗವಿಲ್ಲದೆ ಒಂದು ದಿನವೂ ಇಡಬೇಡಿ. ಹೋನೋದಲ್ಲೇ ಇರುವ, ಹೆಸರು ಪಾಸ್‌ವರ್ಡ್ ಕೇಳುವ ಬೇಸಿಕ್ ಆಥ್ ಎಂಟು ಜನರ ಸಂಘಕ್ಕೆ ಸಾಲುತ್ತದೆ. ಪಾಸ್‌ವರ್ಡನ್ನು ಕೋಡಿನಲ್ಲಿ ಬರೆಯದೆ ರ‍್ಯಾಂಗ್ಲರ್ ಸೀಕ್ರೆಟ್ ಆಗಿ ಇಡಿ. ಅದು ಸಿಗುವುದು ರಿಕ್ವೆಸ್ಟ್ ಬಂದಾಗ ಸಿ ಡಾಟ್ ಎನ್ವ್ ಮೂಲಕ, ಆದ್ದರಿಂದ ಬೇಸಿಕ್ ಆಥ್ ಅನ್ನು ನೇರವಾಗಿ ಕೊಡದೆ, ಸಿ ಮತ್ತು ನೆಕ್ಸ್ಟ್ ತೆಗೆದುಕೊಳ್ಳುವ ಒಂದು ಫಂಕ್ಷನ್ನಿನೊಳಗೆ ಕರೆಯಬೇಕು. ಇದರ ಜೊತೆ ಸಿಎಸ್ಆರ್ಎಫ್ ಮಿಡಲ್‌ವೇರ್ ಹಾಕಿ. ಬ್ರೌಸರ್ ಒಮ್ಮೆ ನೆನಪಿಟ್ಟ ಪಾಸ್‌ವರ್ಡನ್ನು ತಾನೇ ಕಳಿಸುತ್ತಿರುತ್ತದೆ, ಬೇರೆ ಸೈಟಿನ ಫಾರ್ಮ್ ಅದರ ಲಾಭ ಪಡೆಯಬಾರದು. ಮಿಡಲ್‌ವೇರ್‌ಗಳು ರೂಟ್‌ಗಿಂತ ಮೇಲಿನ ಸಾಲಿನಲ್ಲಿರಬೇಕು. ಹೋನೋ ಬರೆದ ಕ್ರಮದಲ್ಲೇ ನಡೆಯುತ್ತದೆ. ಬಾಗಿಲು ದಾಟಿದ ಮೇಲೆ ಬೀಗ ಇಟ್ಟರೆ ಉಪಯೋಗವಿಲ್ಲ.

ಪರೀಕ್ಷೆ, ಪ್ರಕಟಣೆ

ಹೋನೋದಲ್ಲಿ ಟೆಸ್ಟ್ ಬರೆಯಲು ಸರ್ವರ್ ಎಬ್ಬಿಸಬೇಕಿಲ್ಲ. ಆ್ಯಪ್ ಡಾಟ್ ರಿಕ್ವೆಸ್ಟ್ ಎಂದು ದಾರಿ ಕೊಟ್ಟರೆ ರೆಸ್ಪಾನ್ಸ್ ಕೈಗೆ ಬರುತ್ತದೆ. ವಿಟೆಸ್ಟ್ ಎಂಬ ಟೆಸ್ಟ್ ಸಾಧನದಲ್ಲಿ ನಾನು ಬರೆದವು ಸ್ವಲ್ಪವೇ, ಆದರೆ ಪ್ರತಿಯೊಂದೂ ಹಿಂದೆ ಒಮ್ಮೆ ಕೆಟ್ಟದ್ದು: ೫೦ ಎಂದು ಕೊಟ್ಟರೆ 50 ಆಗಬೇಕು, ಎರಡು ಬಗೆಯಲ್ಲಿ ಬರೆದ “ರೊಟ್ಟಿ” ಒಂದೇ ಆಗಬೇಕು, ನಸುಕಿನ 4:40ಕ್ಕೆ ಗಡಿಯಾರ ನಿಲ್ಲಿಸಿದರೆ “ಇವತ್ತು” ಇವತ್ತೇ ಆಗಿರಬೇಕು, ಒಂದೇ ಫಾರ್ಮ್ ಎರಡು ಸಲ ಬಂದರೆ ಆರ್ಡರು ಒಂದೇ ಇರಬೇಕು, ಪಾಸ್‌ವರ್ಡ್ ಇಲ್ಲದೆ ಪಟ್ಟಿ ಕೇಳಿದರೆ 401 (ಗುರುತು ತೋರಿಸದೆ ಒಳಗೆ ಬಿಡುವುದಿಲ್ಲ) ಬರಬೇಕು.

ಇವು ಪಾಸಾದ ಮೇಲೆ ರ‍್ಯಾಂಗ್ಲರ್ ಲಾಗಿನ್, ಮೈಗ್ರೇಶನ್ಸ್ ಅಪ್ಲೈ ಜೊತೆ ಈ ಸಲ ರಿಮೋಟ್ ಎಂಬ ಆಯ್ಕೆ, ಸೀಕ್ರೆಟ್ ಪುಟ್, ಕೊನೆಗೆ ಡಿಪ್ಲಾಯ್. ಮನೆಯಲ್ಲಿ ಸರಿಯಾಗಿ ಓಡಿದ್ದು ಅಲ್ಲಿ “ಟೇಬಲ್ ಇಲ್ಲ” ಎಂದರೆ ರಿಮೋಟ್ ಮೈಗ್ರೇಶನ್ ಮರೆತಿದ್ದೀರಿ ಎಂದೇ ಅರ್ಥ. ವಾರಕ್ಕೊಮ್ಮೆ “ಡಿ1 ಎಕ್ಸ್‌ಪೋರ್ಟ್” ಓಡಿಸಿ ಪ್ರತಿ ಒಂದನ್ನು ನಿಮ್ಮ ಯಂತ್ರದಲ್ಲಿ ಇಟ್ಟುಕೊಳ್ಳಿ.

ಮೊದಲ ತಿಂಗಳು ವಹಿಯನ್ನು ನಿಲ್ಲಿಸಬೇಡಿ. ನಾವು ಎರಡನ್ನೂ ಪಕ್ಕಪಕ್ಕ ನಡೆಸಿ, ರಾತ್ರಿ ಎರಡರ ಒಟ್ಟನ್ನು ತಾಳೆ ನೋಡುತ್ತಿದ್ದೆವು. ಪಟ್ಟಿಯ ಪುಟಕ್ಕೆ ಪ್ರಿಂಟಿನ ಸಿಎಸ್ಎಸ್ ಕೂಡ ಬರೆದೆ. ಈಗಲೂ ರಾತ್ರಿ ಒಂದು ಹಾಳೆ ತೆಗೆದು ಒಲೆಯ ಮೇಲಿನ ಗೋಡೆಗೆ ಅಂಟಿಸುತ್ತಾರೆ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಈಗ ಸಂಘದವರು ಕೇಳುತ್ತಿರುವುದು ಆ ಕೆಂಪು ಗೆರೆಯದು, ಉದ್ರಿ. ಆರ್ಡರಿನ ಟೇಬಲ್‌ಗೆ “ಬಾಕಿ” ಎಂಬ ಕಾಲಂ ಸೇರಿಸಿದರೆ ಆಯಿತು ಅನಿಸುತ್ತದೆ. ಹಾಗೆ ಮಾಡಬೇಡಿ: ಒಬ್ಬರು ಮೂರು ಆರ್ಡರಿನ ಬಾಕಿಗೆ ಒಂದೇ 500ರ ನೋಟು ಕೊಟ್ಟು ಹೋಗುತ್ತಾರೆ. ನಾಲ್ಕನೆಯ ಟೇಬಲ್ ಮಾಡಿ, ಅದರಲ್ಲಿ ಬಂದ ಹಣವನ್ನು ಮಾತ್ರ ಬರೆಯಿರಿ: ಯಾರ ಮೊಬೈಲ್, ಎಷ್ಟು ಪೈಸೆ, ಯಾವ ದಿನ, ಯಾರ ಕೈಗೆ. ಬಾಕಿ ಎಂಬುದನ್ನು ಎಲ್ಲೂ ಉಳಿಸದೆ, ಆ ಮೊಬೈಲಿನ ಎಲ್ಲ ಸಾಲುಗಳ ಮೊತ್ತದಿಂದ ಎಲ್ಲ ಜಮೆಯನ್ನು ಕಳೆದು ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ. ಮೊನ್ನೆ ಸಂಜೆ ಅದರ ಮೈಗ್ರೇಶನ್ ಬರೆದಿಟ್ಟಿದ್ದೇನೆ. ಓಡಿಸುವ ಮೊದಲು ವಹಿಯ ಕೊನೆಯ ಹಾಳೆಗಳನ್ನು ಹಿರಿಯಕ್ಕನ ಜೊತೆ ಕೂತು ಮತ್ತೊಮ್ಮೆ ಓದಬೇಕು. ಅಲ್ಲಿ ಕೆಲವು ಕೆಂಪು ಗೆರೆಯ ಪಕ್ಕ ಹಸಿರು ಚುಕ್ಕೆ ಇಟ್ಟಿದ್ದಾರೆ.